ತೊಟ್ಟಿಯ ನೀರು

ಟಕ್.

ಸ್ವಲ್ಪ ಬಿಟ್ಟು ಮತ್ತೆ, ಟಕ್ ಟಕ್ ಟಕ್.

ಗಂಡನ ತಲೆಯ ಬಳಿಯ ದೀಪಕ್ಕೆ ಎಣ್ಣೆ ಬಿಡುತ್ತಿದ್ದ ವೆಂಕಟರತ್ನಮ್ಮ ಕೈ ತಡೆದರು. ಗಂಟೆ ಎರಡು ದಾಟಿತ್ತು. ಪಡಸಾಲೆಯ ನಡುವೆ ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಗಾಜಿನ ಕೆಳಗೆ ಮುನಿನಾರಾಯಣಪ್ಪನವರ ಮುಖ, ಫೋಟೊ ತೆಗೆಯುವವರು ಅಲುಗಾಡಬೇಡಿ ಎಂದದ್ದಕ್ಕೆ ಒಪ್ಪಿಕೊಂಡಂತೆ ಸುಮ್ಮನಿತ್ತು.

ಗೋಡೆಗೆ ಒರಗಿ ಕೂತಿದ್ದ ಚಿಕ್ಕವೆಂಕಟಮ್ಮ ಕಣ್ಣು ತೆರೆದರು. ಅವರು ಸತ್ತವರ ಅಕ್ಕ. ಎಪ್ಪತ್ತೆರಡು ವರ್ಷ. ವಿದುರಾಶ್ವತ್ಥದ ಪಕ್ಕದ ಹಳ್ಳಿಗೆ ಸೊಸೆಯಾಗಿ ಹೋಗಿ ಐವತ್ತು ವರ್ಷ ರೇಷ್ಮೆ ಹುಳು ಸಾಕಿದವರು.

"ಹಲ್ಲಿ ನುಡೀತು ನೋಡು," ಎಂದು ಬೆರಳಿನಿಂದ ಮೂರು ಸಲ ನೆಲ ತಟ್ಟಿದರು. "ನನ್ನ ತಮ್ಮ ಒಂದು ಪ್ರಾಣಿಗೂ ಕೇಡು ಮಾಡ್ದೋನಲ್ಲ ಅಂತ ಈಗಿನ್ನೂ ಮನಸಲ್ಲಿ ಅಂದ್ಕೊಂತಿದ್ದೆ. ಹೌದು ಅಂತು."

"ಹೂಂ ಅತ್ತಿಗೆ."

ಅದು ಹಲ್ಲಿಯಲ್ಲ. ಹತ್ತು ವರ್ಷ ಈ ಮನೆಯಲ್ಲಿ ಆ ಸದ್ದು ಕೇಳಿದ್ದ ವೆಂಕಟರತ್ನಮ್ಮನಿಗೆ ಅದು ಗಂಡು ಮರಗಪ್ಪೆಯದ್ದೆಂದು ಗೊತ್ತಿತ್ತು. ಎಲ್ಲಿಂದ ಕೂಗುತ್ತಿದೆ ಎಂಬುದೂ ಗೊತ್ತಿತ್ತು. ಬಚ್ಚಲಿಗೆ ಹೋಗಿ ಬರುತ್ತೇನೆ ಎಂದು ಟಾರ್ಚು ತೆಗೆದುಕೊಂಡು ಹಿತ್ತಲಿಗೆ ಹೋದರು.

ಹಿತ್ತಲ ಗೋಡೆಗೆ ಸೇರಿಸಿ ಕಟ್ಟಿದ ಸಿಮೆಂಟಿನ ತೊಟ್ಟಿ ಸೊಂಟದೆತ್ತರ ಇತ್ತು. ಹುಳುವಿನ ತಟ್ಟೆ ತೊಳೆಯಲೆಂದು ಹಿಂದೆ ಕಟ್ಟಿಸಿದ್ದು. ಅದರ ಎದುರಿಗೆ ಪ್ಲಾಸ್ಟಿಕ್ ಕುರ್ಚಿ ನಿನ್ನೆ ಸಂಜೆ ಇದ್ದ ಹಾಗೇ ಇತ್ತು. ಆರೂವರೆಗೆ ಕಾಫಿ ತಂದಾಗ ಗಂಡ ಆ ಕುರ್ಚಿಯಲ್ಲೇ ಕೂತಿದ್ದರು. ಕಣ್ಣು ತೊಟ್ಟಿಯ ಕಡೆಗಿತ್ತು. ಎರಡು ಸಲ ಕರೆದ ಮೇಲೆ ಗೊತ್ತಾಗಿತ್ತು. ಕಾಫಿ ಲೋಟಕ್ಕೆ ಈಗ ಇರುವೆ ಮುತ್ತಿತ್ತು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಮಂಜಿನಲ್ಲಿ ನೆನೆಯುತ್ತಿತ್ತು.

ಟಾರ್ಚಿನ ಬಾಯಿಗೆ ಗಂಡ ಕಟ್ಟಿದ್ದ ಕೆಂಪು ರವಿಕೆ ಬಟ್ಟೆಯ ಚೂರು ಹಾಗೇ ಇತ್ತು. ಆ ಕೆಂಪು ಬೆಳಕನ್ನು ವೆಂಕಟರತ್ನಮ್ಮ ತೊಟ್ಟಿಯ ಒಳಗೋಡೆಗೆ ಹಿಡಿದರು. ನೀರಿಗಿಂತ ಒಂದು ಗೇಣು ಮೇಲೆ, ಮುಷ್ಟಿಯಷ್ಟು ನೊರೆ ಅಂಟಿಕೊಂಡಿತ್ತು. ಮಜ್ಜಿಗೆ ಕಡೆದಾಗ ಮಂತಿಗೆ ಹತ್ತಿಕೊಳ್ಳುವಂಥ ನೊರೆ. ಗುರುವಾರ ರಾತ್ರಿ ಹೆಣ್ಣು ಕಪ್ಪೆ ಹಿಂಗಾಲಿನಿಂದ ಕಡೆದು ಕಟ್ಟಿದ್ದು. ಒಳಗೆ ಮೊಟ್ಟೆ. ಮೊದಲ ದಿನ ಬಿಳಿ ಇದ್ದದ್ದು ಈಗ ಹೊರಗೆ ಒಣಗಿ ಕೆನೆಬಣ್ಣಕ್ಕೆ ತಿರುಗಿತ್ತು. ಇದು ನಾಲ್ಕನೆಯ ರಾತ್ರಿ.

ಬೇರೇನನ್ನೂ ಮುಟ್ಟದೆ, ಕುರ್ಚಿಯ ಬೆನ್ನಿಗಿದ್ದ ಕಪ್ಪು ಬಟ್ಟೆ ತೆಗೆದು ಕ್ಯಾಮೆರಾಕ್ಕೆ ಹೊದಿಸಿ ಒಳಗೆ ಬಂದರು.

*

ಮುನಿನಾರಾಯಣಪ್ಪ ರೇಷ್ಮೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಪ್ರದರ್ಶಕರಾಗಿದ್ದರು. ಟಿವಿಎಸ್ ಗಾಡಿಯ ಮೇಲೆ ಸಾದಲಿ ಹೋಬಳಿಯ ಊರೂರಿಗೂ ಹೋಗಿ, ಸೊಪ್ಪು ಎಷ್ಟು ಸಣ್ಣಗೆ ಹೆಚ್ಚಬೇಕು, ಹುಳು ಜ್ವರಕ್ಕೆ ಬಿದ್ದಾಗ, ಎಂದರೆ ಪೊರೆ ಬಿಡುವಾಗ, ಏಕೆ ಮುಟ್ಟಬಾರದು, ಬೆಳೆ ಎತ್ತಿದ ಮೇಲೆ ಹುಳುಮನೆಯನ್ನು ಬ್ಲೀಚಿಂಗ್ ನೀರಿನಲ್ಲಿ ಹೇಗೆ ತೊಳೆಯಬೇಕು ಎಂದು ಹೇಳಿಕೊಡುವುದು ಕೆಲಸ. ಇರುವೆ, ಹಲ್ಲಿ, ಕಪ್ಪೆ ಮೂರೂ ಹುಳುವಿಗೆ ಶತ್ರು. ಕಪ್ಪೆ ಕಂಡರೆ ತಾವೇ ಪೊರಕೆ ತೆಗೆದುಕೊಂಡು ಆಚೆ ತಳ್ಳುತ್ತಿದ್ದರು.

ನಿವೃತ್ತಿಗೆ ಆರು ವರ್ಷ ಇರುವಾಗ, ಮಳೆಗಾಲದಲ್ಲಿ, ಬಚ್ಚಲ ಪೈಪಿನ ಮೇಲೆ ಒಂದು ಮರಗಪ್ಪೆ ಬಂದು ಕೂರತೊಡಗಿತು. ಕಾಲು ಮಡಿಸಿಕೊಂಡು, ಬೆರಳ ತುದಿಯ ಗುಂಡು ಗುಂಡು ಬಿಲ್ಲೆಗಳನ್ನು ಜೋಡಿಸಿಕೊಂಡು.

"ನೋಡೇ ರತ್ನ, ದಿನಾ ಅದೇ ಜಾಗಕ್ಕೆ ಡ್ಯೂಟಿಗೆ ಬರುತ್ತೆ, ನನ್ನ ಹಾಗೆ," ಎಂದಿದ್ದರು.

"ನಿಮಗೆ ಸಂಬಳ ಕೊಡ್ತಾರೆ. ಅದಕ್ಕೆ ಯಾರು ಕೊಡ್ತಾರೆ?"

"ಅದಕ್ಕೇ ಅದರ ಕೆಲಸ ನನ್ನದಕ್ಕಿಂತ ಚೊಕ್ಕ."

ಆ ತಿಂಗಳೇ ಶಿಡ್ಲಘಟ್ಟದ ಮದುವೆ ಫೋಟೊದವನೊಬ್ಬನ ಹಳೆಯ ಕ್ಯಾಮೆರಾ ಮನೆಗೆ ಬಂತು. ಊರಿನಲ್ಲಿ ನಕ್ಕರು. ಗಂಡ ಮಳೆಯಲ್ಲಿ ಹಿಪ್ಪುನೇರಳೆ ತೋಟದಲ್ಲಿ ಹೊಟ್ಟೆ ಮೇಲೆ ಮಲಗಿ ಬಂದ ದಿನ ವೆಂಕಟರತ್ನಮ್ಮ ನಗಲಿಲ್ಲ, ಅಂಗಿ ಒಗೆಯಬೇಕಾದವರು ಅವರು.

ಎರಡನೆಯ ವರ್ಷ ಒಂದು ಫೋಟೊ ಸಿಕ್ಕಿತು. ಹಿಪ್ಪುನೇರಳೆ ಎಲೆಯ ಮೇಲೆ ಪುಟ್ಟ ಕಪ್ಪೆ, ಮೈಮೇಲೆಲ್ಲ ಹನಿ, ಎರಡೂ ಕಣ್ಣು ಮುಚ್ಚಿದೆ. ಚಿಕ್ಕಬಳ್ಳಾಪುರದಲ್ಲಿ ನಡೆದ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಯಾರೋ ಅದಕ್ಕೆ 'ಧ್ಯಾನ' ಎಂದು ಹೆಸರಿಟ್ಟರು.

ಬಹುಮಾನ ತಂದ ರಾತ್ರಿ ಮುನಿನಾರಾಯಣಪ್ಪ ಊಟ ಮಾಡಲಿಲ್ಲ.

"ಹನಿ ಬರಲಿ ಅಂತ ಸ್ಪ್ರೇಯರ್‌ನಲ್ಲಿ ನೀರು ಹೊಡೆದೆ ಕಣೇ," ಎಂದರು. "ಚೀಲದಲ್ಲಿದ್ದ ಸ್ಪ್ರೇಯರ್. ಬೆಳಗ್ಗೆ ಹುಳುಮನೆಗೆ ಹೊಡೆದಿದ್ದು. ತೊಳೆದಿದೀನಿ ಅಂದ್ಕೊಂಡಿದ್ದೆ. ತಳದಲ್ಲಿ ಬ್ಲೀಚಿಂಗ್ ಇತ್ತು."

ವೆಂಕಟರತ್ನಮ್ಮ ಗೋಡೆಯ ಮೇಲಿನ ಹೊಸ ಚೌಕಟ್ಟನ್ನು ನೋಡಿದರು.

"ಅದು ಧ್ಯಾನ ಅಲ್ಲ. ಕಣ್ಣು ಉರಿ. ನಾನು ಹತ್ತು ಫೋಟೊ ಹೊಡೆದೆ, ಎಷ್ಟು ಸುಮ್ಮನೆ ಕೂತಿದೆ ಅಂತ. ಅರ್ಧ ಗಂಟೆಗೆ ಸತ್ತುಹೋಯ್ತು."

ಮರುದಿನ ಆ ಚೌಕಟ್ಟನ್ನು ಬೀರುವಿನ ಹಿಂದಿಟ್ಟರು. ಆ ಮಾತನ್ನು ಅವರು ಇನ್ನಾರಿಗೂ ಹೇಳಲಿಲ್ಲ, ಹೆಂಡತಿಯೂ ಹೇಳಲಿಲ್ಲ.

*

ಬೆಳಗ್ಗೆ ಎಂಟಕ್ಕೆ ಮಗ ಭಾನುಪ್ರಕಾಶ್ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದ. ಅವನಿಗೆ ಚಿಂತಾಮಣಿಯಲ್ಲಿ ಔಷಧಿ ಅಂಗಡಿ. ರಾತ್ರಿಯೇ ಓಡಿ ಬಂದವನು ಕಣ್ಣು ಮುಚ್ಚಿರಲಿಲ್ಲ.

"ಅಮ್ಮ, ಒಂದು ನಿಮಿಷ ಬಂದು ನೋಡು. ಹೆಸರು ಸರಿಯಾಗಿದೆಯಾ?"

ವೆಂಕಟರತ್ನಮ್ಮ ಬಾಗಿಲವರೆಗೆ ಬಂದರು. ಭಾವಪೂರ್ಣ ಶ್ರದ್ಧಾಂಜಲಿ. ವೃತ್ತದೊಳಗೆ ಗಂಡನ ಮುಖ. ಪಕ್ಕದಲ್ಲಿ, ಮುಖಕ್ಕಿಂತ ದೊಡ್ಡದಾಗಿ, ಕಣ್ಣು ಮುಚ್ಚಿದ ಕಪ್ಪೆ.

"ಅಪ್ಪನ ಬೆಸ್ಟ್ ಫೋಟೊ ಇದೇ ಅಲ್ವಾ? ಪೇಪರ್‌ನಲ್ಲಿ ಬಂದಿತ್ತಲ್ಲ, ಅದನ್ನೇ ಕಳಿಸಿದೆ." ಫ್ಲೆಕ್ಸಿನ ಮಡಿಕೆಯನ್ನು ಅಂಗೈಯಿಂದ ತೀಡಿದ. "ಅಪ್ಪನಿಗೆ ಇಷ್ಟ ಆಗ್ತಿತ್ತು ಅಲ್ವೇನಮ್ಮಾ?"

"ಹೆಸರು ಸರಿಯಾಗಿದೆ ಕಣಪ್ಪಾ," ಎಂದು ಮಗನ ಬೆನ್ನು ಸವರಿದರು. "ಸ್ವಲ್ಪ ಕಾಫಿ ಕುಡಿ."

ಜನ ಬರತೊಡಗಿದರು. ಶಾಮಿಯಾನದ ಕೆಳಗೆ ಕುರ್ಚಿ ಸಾಲಲಿಲ್ಲ. ಪಕ್ಕದ ಮನೆಯ ಆವುಲಪ್ಪ ಟ್ರ್ಯಾಕ್ಟರಿನಲ್ಲಿ ಎರಡು ನೀಲಿ ಡ್ರಮ್ ನೀರು ತಂದು ಹಿತ್ತಲಲ್ಲಿ ಇಳಿಸಿದ, ಮಣ್ಣು ಮಾಡಿ ಬಂದವರಿಗೆ ಕಾಲು ತೊಳೆಯಲು. ಆಮೇಲೆ ಗಂಡಸರ ನಡುವೆ ಕೂತ.

"ನಮ್ಮಪ್ಪ ಈ ಸಾರನ್ನ ಮನೆ ಒಳಗೇ ಬಿಟ್ಕೊಂಡಿರಲಿಲ್ಲ, ಗೊತ್ತಾ?" ಎಂದು ಶುರುಮಾಡಿದ. "ಮರಿ ಆಚೆ ಬರೋಕೆ ಎರಡು ದಿನ ಇದೆ ಅನ್ನುವಾಗ ಮೊಟ್ಟೆಗೆ ಕಪ್ಪು ಬಟ್ಟೆ ಮುಚ್ಚು ಅಂದ್ರು. ನಮ್ಮಪ್ಪ ಏನಂದ ಗೊತ್ತಾ? ಹುಟ್ಟೋಕೆ ಮುಂಚೆನೇ ಕಣ್ಣು ಕಟ್ತಾನಲ್ಲಪ್ಪಾ ಇವನು, ಇವನ ಮನೆ ಹಾಳಾಗ!"

ನಾಲ್ಕಾರು ಜನ ನಕ್ಕರು. ಅಲ್ಲೇ ಹಾದುಹೋಗುತ್ತಿದ್ದ ಚಿಕ್ಕವೆಂಕಟಮ್ಮ ನಿಂತರು.

"ಮೊದಲು ನನ್ನ ಮನೇಲೇ ಪರೀಕ್ಷೆ ಮಾಡ್ದೋನು ಅವನು," ಎಂದರು. "ಅಕ್ಕಾ, ಬೆಳಕು ಬಿದ್ರೆ ಒಂದೊಂದೇ ಬಂದ್ಬಿಡ್ತವೆ, ಮುಂದೆ ಬಂದವು ಬೆಳೀತವೆ, ಹಿಂದೆ ಬಂದವು ಸಾಯ್ತವೆ. ಕತ್ತಲಲ್ಲಿ ಇಟ್ರೆ ಎಲ್ಲಾ ಒಂದಕ್ಕೊಂದು ಕಾಯ್ತವೆ ಅಂದ. ಮೂರನೇ ದಿನ ಬೆಳಗ್ಗೆ ಬಟ್ಟೆ ಎತ್ತಿದ್ರೆ, ನಾಯನಾ, ಎಲ್ಲಾ ಒಟ್ಟಿಗೆ! ಸಾಸಿವೆ ಚೆಲ್ಲಿದಂಗೆ!" ಮಾತು ಅಲ್ಲಿಗೇ ಮುರಿದು, "ನಾ ತಮ್ಮುಡಾ," ಎಂದು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಹತ್ತೂವರೆಗೆ ಸಂಘಮಿತ್ರ ಬಂದರು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ನಲವತ್ತರ ಹೆಂಗಸು. ಮುನಿನಾರಾಯಣಪ್ಪ ಫೋಟೊ ತೆಗೆದ ಪ್ರತಿ ಕಪ್ಪೆಗೂ ಸರಿಯಾದ ಹೆಸರು ಹೇಳುತ್ತಿದ್ದವರು ಅವರೇ. ಹಾರ ಹಾಕಿ, ಸ್ವಲ್ಪ ಹೊತ್ತು ಗಾಜಿನ ಬಳಿ ನಿಂತು, ವೆಂಕಟರತ್ನಮ್ಮನ ಪಕ್ಕ ಕೂತರು.

"ಶನಿವಾರ ಫೋಟೊ ಕಳಿಸಿದ್ರು ಸರ್. ಈ ಸಲ ಬಿಡಲ್ಲ ಮೇಡಂ ಅಂತ ಬರೆದಿದ್ರು," ಎಂದರು ಮೆಲ್ಲಗೆ. "ಗೂಡು ಇನ್ನೂ ಇದೆಯಾ ಅಮ್ಮ?"

ಇಬ್ಬರೂ ಹಿತ್ತಲಿಗೆ ಹೋದರು. ಸಂಘಮಿತ್ರ ತೊಟ್ಟಿಯ ಅಂಚಿಗೆ ಕೈ ತಾಗಿಸದೆ ಬಗ್ಗಿದರು.

"ತಳ ಕರಗ್ತಾ ಇದೆ. ನೋಡಿ, ಒಳಗೆ ಅಲ್ಲಾಡ್ತಿವೆ. ಇವತ್ತು ರಾತ್ರಿ ನೀರಿಗೆ ಬೀಳ್ತವೆ. ತಪ್ಪಿದ್ರೆ ನಾಳೆ ಬೆಳಗ್ಗೆ."

"ಕೆಳಗೆ ನೀರು ಇಲ್ಲದೇ ಇದ್ರೆ?"

ಸಂಘಮಿತ್ರ ತಲೆ ಎತ್ತಿದರು. ಮನೆಯಿಂದ ಹೆಣ ಎದ್ದ ಮೇಲೆ ಮನೆಯಲ್ಲಿರುವ ನೀರನ್ನೆಲ್ಲ ಚೆಲ್ಲುತ್ತಾರೆಂಬುದು ಅವರಿಗೂ ಗೊತ್ತಿತ್ತು. ಹಿತ್ತಲ ಬಾಗಿಲ ಬಳಿ ಆವುಲಪ್ಪ ಆಗಲೇ ಬ್ಲೀಚಿಂಗ್ ಪುಡಿಯ ಚೀಲ, ಪೊರಕೆ ತಂದಿಟ್ಟಿದ್ದ. ಈ ಊರಿನಲ್ಲಿ ಯಾವುದನ್ನು ತೊಳೆಯುವುದಾದರೂ ಹುಳುಮನೆ ತೊಳೆಯುವಂತೆಯೇ.

"ಸಿಮೆಂಟಿಗೆ ಅಂಟಿರೋದು. ಕಿತ್ತರೆ ಒಡೆದು ಹೋಗುತ್ತೆ," ಎಂದರು ಸಂಘಮಿತ್ರ. "ನಾನು ನಿಮ್ಮ ಅತ್ತಿಗೆಯವರ ಹತ್ರ ಮಾತಾಡ್ಲಾ?"

ವೆಂಕಟರತ್ನಮ್ಮ ಒಂದು ಗಳಿಗೆ ಅವರ ಮುಖ ನೋಡಿದರು. ಸಂಘಮಿತ್ರರ ತವರು ಯಾವ ಕೇರಿ ಎಂದು ಚಿಕ್ಕವೆಂಕಟಮ್ಮ ಬೆಳಗಿನಿಂದ ಎರಡು ಸಲ ಕೇಳಿದ್ದರು. ಅವತ್ತು ಎಲ್ಲರಿಗೂ ಪೇಪರ್ ಲೋಟವೇ ಆದ್ದರಿಂದ ಕಾಫಿಯ ವಿಷಯ ಏಳಲಿಲ್ಲ. ನೀರಿನ ವಿಷಯ ಎದ್ದರೆ ಬೇರೆಯೇ ಆಗುತ್ತದೆ.

"ಬೇಡಮ್ಮ," ಎಂದರು. "ನೀವು ಕೇಳಿದ್ರೆ ಅವರು ಕಪ್ಪೆ ವಿಷಯ ಬಿಟ್ಟು ಇನ್ನೇನೋ ಮಾತಾಡ್ತಾರೆ. ಇದು ನನ್ನ ಮನೆ ನೀರು. ನಾನೇ ಕೇಳ್ತೀನಿ."

ಸಂಘಮಿತ್ರ ತಲೆಯಾಡಿಸಿದರು. "ಏನಾಯ್ತು ಅಂತ ಒಂದು ಮೆಸೇಜ್ ಮಾಡಿ."

*

ಧ್ಯಾನದ ಫೋಟೊ ಬೀರುವಿನ ಹಿಂದೆ ಹೋದ ಮೇಲೆ ಮುನಿನಾರಾಯಣಪ್ಪನ ಫೋಟೊಗಳು ಬದಲಾಗಿದ್ದವು. ನೀರು ಚಿಮುಕಿಸುವುದಿಲ್ಲ. ಮುಟ್ಟುವುದಿಲ್ಲ. ಎಲೆ ಬಗ್ಗಿಸಿ ಕಟ್ಟುವುದಿಲ್ಲ. ಫ್ಲಾಶ್ ಇಲ್ಲ. ಅದರಿಂದ ಹತ್ತರಲ್ಲಿ ಎಂಟು ಫೋಟೊ ಮಸುಕು. ಬಹುಮಾನ ಮತ್ತೆ ಬರಲಿಲ್ಲ, ಅವರು ಕಳಿಸಲೂ ಇಲ್ಲ.

ಅವರಿಗೆ ಒಂದೇ ಒಂದು ಬೇಕಿತ್ತು. ನೊರೆಯಿಂದ ಮೊದಲ ಮರಿ ಜಾರಿ, ನೀರು ಮುಟ್ಟುವ ಮುಂಚೆ, ಗಾಳಿಯಲ್ಲಿರುವ ಆ ಗಳಿಗೆ. ಅದಕ್ಕಾಗಿ ಏಳು ಮಳೆಗಾಲ ಕಾದರು. ಒಂದು ವರ್ಷ ಬಿರುಮಳೆಗೆ ಗೂಡೇ ಕೊಚ್ಚಿಹೋಯಿತು. ಒಂದು ವರ್ಷ ಆಲಿಕಲ್ಲು ಬಿತ್ತು. ಒಂದು ವರ್ಷ ಬೆಳಗಿನ ನಾಲ್ಕರವರೆಗೆ ಎಚ್ಚರವಿದ್ದು, ನಾಲ್ಕೂಕಾಲಿಗೆ ತೂಕಡಿಸಿ, ಐದಕ್ಕೆ ಎದ್ದಾಗ ಎಲ್ಲ ನೀರಿನಲ್ಲಿದ್ದವು.

"ಇಪ್ಪತ್ತು ದಿನ ಹುಳು ನೋಡ್ಕೊಂಡು ನಿದ್ದೆಗೆಟ್ಟೋರು, ಒಂದು ರಾತ್ರಿ ಇರೋಕಾಗ್ಲಿಲ್ವೇ?" ಎಂದು ವೆಂಕಟರತ್ನಮ್ಮ ರೇಗಿಸಿದ್ದರು.

"ಹುಳು ಸದ್ದು ಮಾಡುತ್ತೆ ಕಣೇ ಎಲೆ ತಿನ್ನುವಾಗ. ಮಳೆ ಬಂದ ಹಾಗೆ. ಇವು ಸದ್ದೇ ಮಾಡಲ್ಲ."

ಹೋದ ವರ್ಷ ಟಾರ್ಚು ಹಿಡಿಯಲು ಹೆಂಡತಿಯನ್ನೂ ಕರೆದಿದ್ದರು. ವೆಂಕಟರತ್ನಮ್ಮ ಶಾಲು ಹೊದ್ದು, ತಮ್ಮದೇ ಹಳೆಯ ರವಿಕೆಯ ಚೂರು ಕಟ್ಟಿದ ಟಾರ್ಚು ಹಿಡಿದು ಎರಡು ಗಂಟೆ ನಿಂತರು. ಕೈ ಸೋತು ಬೆಳಕು ಅಲುಗಿದಾಗ ಗಂಡ ಬಯ್ಯಲಿಲ್ಲ, ಕೆಳಗಿನಿಂದ ಮೊಣಕೈಗೆ ಅಂಗೈ ಕೊಟ್ಟರು. ಆ ರಾತ್ರಿ ಏನೂ ಬೀಳಲಿಲ್ಲ. ನೀರಿನ ಮೇಲೆ ಇಬ್ಬರ ಮುಖವೂ ಕೆಂಪಗೆ ಕಾಣುತ್ತಿತ್ತು.

"ಸಿಗದಿದ್ರೆ?" ಎಂದು ಕೇಳಿದ್ದರು ಅವರು.

"ಫೋಟೊನಾ? ಸಿಗದಿದ್ರೆ ಸಿಗದೇ ಇರಲಿ," ಎಂದರು ಮುನಿನಾರಾಯಣಪ್ಪ. "ಬಿದ್ರೆ ಸಾಕು."

*

ಮಧ್ಯಾಹ್ನ ಎರಡು ಗಂಟೆಗೆ ಹೆಣ ಎತ್ತಿದರು. ತಮಟೆಯ ಸದ್ದು ಬೀದಿ ತಿರುಗಿ ತೋಟದ ಕಡೆಗೆ ಹೋಯಿತು. ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಅವರ ಅಪ್ಪನ ಪಕ್ಕದಲ್ಲೇ ಗುಂಡಿ ತೆಗೆದಿತ್ತು. ವೆಂಕಟರತ್ನಮ್ಮನನ್ನು ಬೀದಿಯ ತಿರುವಿನವರೆಗೆ ಕರೆದೊಯ್ದು, ಅಲ್ಲಿಂದ ವಾಪಸು ಕರೆತಂದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿದ ದೀಪದ ಮುಂದೆ ಕೂರಿಸಿದರು. ದೀಪ ಆರದಂತೆ ನೋಡಿಕೊಳ್ಳಬೇಕು. ಹೋದವರು ಬಂದು ಅದನ್ನು ನೋಡಿಕೊಂಡೇ ತಮ್ಮ ತಮ್ಮ ಮನೆಗೆ ಹೋಗುವುದು. ಅಲ್ಲಿಯವರೆಗೆ ಅವರು ಏಳುವಂತಿಲ್ಲ.

ಹೆಂಗಸರು ಸೀರೆ ಎತ್ತಿ ಕಟ್ಟಿದರು. ಚಿಕ್ಕವೆಂಕಟಮ್ಮ ನಡುಮನೆಯಲ್ಲಿ ನಿಂತು ಹೇಳತೊಡಗಿದರು.

"ಹಂಡೆ ನೀರು ಚೆಲ್ಲಿ. ಕುಡಿಯೋ ಬಿಂದಿಗೆ ಚೆಲ್ಲಿ. ಫಿಲ್ಟರ್‌ನಲ್ಲಿರೋದೂ ನೀರೇ, ಅದನ್ನೂ ಚೆಲ್ಲಿ. ಏನಮ್ಮಾ ನೋಡ್ತೀಯಾ? ಬಕೆಟ್ಟು ನಿನಗೆ ಕಾಣಲ್ವಾ?"

ಬಾಗಿಲಿನಾಚೆ ನೀರು ಬಳಬಳ ಬಿದ್ದು ಅಂಗಳದ ಇಳಿಜಾರಿನಲ್ಲಿ ಹರಿಯಿತು. ಆವುಲಪ್ಪನ ಹೆಂಡತಿ ಹಿತ್ತಲ ಬಾಗಿಲ ಬಳಿಯಿದ್ದ ಬ್ಲೀಚಿಂಗ್ ಚೀಲ ಎತ್ತಿಕೊಂಡಳು. "ತೊಟ್ಟಿ ಬಿರಡೆ ಕಿತ್ತುಬಿಡ್ಲಾ ದೊಡ್ಡಮ್ಮಾ?"

"ಸ್ವಲ್ಪ ನಿಲ್ಲಮ್ಮಾ," ಎಂದರು ವೆಂಕಟರತ್ನಮ್ಮ.

ಬೆಳಗಿನಿಂದ ಅವರ ಬಾಯಿಂದ ಹೊರಟ ಗಟ್ಟಿ ಮಾತು ಅದೊಂದೇ. ಹೆಂಗಸರೆಲ್ಲ ತಿರುಗಿ ನೋಡಿದರು.

"ಅತ್ತಿಗೆ, ತೊಟ್ಟಿ ಇವತ್ತೊಂದು ದಿನ ಬಿಟ್ಬಿಡಿ. ನಾಳೆ ಸಂಜೆ ನಾನೇ ತೊಳೀತೀನಿ."

"ಯಾಕೆ?"

"ಕಪ್ಪೆ ಗೂಡು ಐತೆ. ಇವತ್ತು ರಾತ್ರಿ ಮರಿ ನೀರಿಗೆ ಬೀಳ್ತವೆ. ಅವರು ಅದಕ್ಕೇ ಕಾಯ್ತಿದ್ದಿದ್ದು."

ಯಾರೋ ಲೊಚಗುಟ್ಟಿದರು. ದುಃಖದಲ್ಲಿ ಏನೋ ಹೇಳುತ್ತಿದ್ದಾಳೆ ಎಂಬಂತೆ ಒಬ್ಬಾಕೆ ಹೆಗಲು ಮುಟ್ಟಿದಳು. ಚಿಕ್ಕವೆಂಕಟಮ್ಮನ ಮುಖ ಬಿಗಿಯಿತು.

"ಬೇರೆ ನೀರಾಗಿದ್ರೆ ನೋಡಬಹುದಿತ್ತು ರತ್ನ. ಅವನ ಪ್ರಾಣ ಹೋಗಿದ್ದೇ ಆ ನೀರಿನ ಪಕ್ಕದಲ್ಲಿ. ಮನೇಲಿರೋ ನೀರೆಲ್ಲಾ ಬಿಟ್ರೂ ಅದನ್ನ ಬಿಡೋಹಂಗಿಲ್ಲ. ಮೊಮ್ಮಕ್ಕಳಿರೋ ಮನೆ. ಕಪ್ಪೆ ಅಂತೆ! ಜೀವಮಾನವೆಲ್ಲಾ ಕಪ್ಪೇನ ಹುಳುಮನೆಯಿಂದ ಹೊಡೆದು ಓಡಿಸಿದೀನಿ ನಾನು."

"ಗೊತ್ತು ಅತ್ತಿಗೆ." ವೆಂಕಟರತ್ನಮ್ಮ ದೀಪದ ಮುಂದಿನಿಂದ ಏಳಲಿಲ್ಲ. ದನಿ ಏರಿಸಲೂ ಇಲ್ಲ. "ಚೆಲ್ಲಲೇಬೇಕು ಅಂದ್ರೆ ಚೆಲ್ಲಿ. ಬೇರೆಯವರು ಬೇಡ, ನೀವೇ ಹೋಗಿ. ಬಿರಡೆ ಕೀಳೋಕೆ ಮುಂಚೆ ಒಂದ್ಸಲ ನೊರೆ ಒಳಗೆ ನೋಡಿ. ಅವರ ಭೂತಗನ್ನಡಿ ಕುರ್ಚಿ ಮೇಲೇ ಐತೆ. ನೋಡಿ, ಆಮೇಲೆ ನಿಮ್ಮ ಕೈಯಾರೆ ಚೆಲ್ಲಿ."

"ನೋಡದೇ ಏನು, ನೋಡ್ತೀನಿ," ಎಂದು ಚಿಕ್ಕವೆಂಕಟಮ್ಮ ಆವುಲಪ್ಪನ ಹೆಂಡತಿಯ ಕೈಯಿಂದ ಚೀಲ ಕಿತ್ತುಕೊಂಡರು. "ಯಾರೂ ಬರಬೇಡಿ. ನೀವು ಒಳಗೆ ಒರೆಸಿ."

ಹಿತ್ತಲ ಬಾಗಿಲು ಮುಚ್ಚಿತು.

ವೆಂಕಟರತ್ನಮ್ಮ ದೀಪವನ್ನು ನೋಡುತ್ತ ಕೂತರು. ಅತ್ತಿಗೆಯ ಕಣ್ಣು ಅವರಿಗೆ ಗೊತ್ತಿತ್ತು. ಸಾವಿರ ಮೊಟ್ಟೆಯ ಹಾಳೆಯನ್ನು ಕಿಟಕಿಗೆ ಹಿಡಿದು ಇದು ನಾಳೆ, ಇದು ನಾಳಿದ್ದು, ಇದು ಸತ್ತದ್ದು ಎಂದು ಹೇಳಬಲ್ಲ ಕಣ್ಣು. ನೋಡಿದರೆ ಸಾಕು ಎಂದುಕೊಂಡರು. ಹಿತ್ತಲಲ್ಲಿ ಬಹಳ ಹೊತ್ತು ಏನೂ ಕೇಳಲಿಲ್ಲ. ನೆಲ ಒರೆಸುವವರು ಒಂದು ಕೋಣೆ ಮುಗಿಸಿ ಇನ್ನೊಂದಕ್ಕೆ ಹೋದರು.

ಆಮೇಲೆ ನೀರು ಸುರಿಯುವ ಸದ್ದು ಬಂತು. ಒಂದು ಬಿಂದಿಗೆಯ ನೀರಲ್ಲ. ನಿಲ್ಲದೆ, ಕಲ್ಲಿನ ಮೇಲೆ ಹರಿದು, ಮೋರಿಯಲ್ಲಿ ಗುಳುಗುಳು ಎನ್ನುತ್ತ ಇಳಿಯುವ ನೀರು. ಹಿತ್ತಲ ಬಾಗಿಲ ಸಂದಿಯಿಂದ ಒಂದು ಎಳೆ ಒಳಗೂ ಹರಿದು ಬಂತು.

ವೆಂಕಟರತ್ನಮ್ಮ ದೀಪಕ್ಕೆ ಎಣ್ಣೆ ಬಿಟ್ಟರು. ಅಂಚಿನಿಂದ ಒಂದಿಷ್ಟು ಆಚೆ ಚೆಲ್ಲಿತು.

ಚಿಕ್ಕವೆಂಕಟಮ್ಮ ಒಳಗೆ ಬಂದಾಗ ಸೀರೆ ಮೊಣಕಾಲವರೆಗೆ ಒದ್ದೆಯಾಗಿತ್ತು. ಅವರು ಯಾರ ಮುಖವನ್ನೂ ನೋಡಲಿಲ್ಲ. ದೀಪದ ಕಡೆ ನೋಡಿ ಹೇಳಿದರು:

"ಆಯ್ತು. ಚೆಲ್ದೆ."

"ಬ್ಲೀಚಿಂಗು ದೊಡ್ಡಮ್ಮಾ?" ಎಂದಳು ಆವುಲಪ್ಪನ ಹೆಂಡತಿ.

"ಹಾಕ್ದೆ. ಹಿತ್ತಲಿಗೆ ಯಾರೂ ಕಾಲಿಡಬೇಡಿ ಇವತ್ತು. ವಾಸನೆ ಐತೆ."

*

ಗಂಡಸರು ಬಂದಾಗ ನಾಲ್ಕೂವರೆ. ಅಂಗಳದಲ್ಲಿ ಕಾಲು ತೊಳೆಯಲು ಡ್ರಮ್ ತರಿಸಿದರೆ ಒಂದೇ ಬಂತು.

"ಎರಡು ತಂದಿದ್ನಲ್ಲ?" ಎಂದ ಆವುಲಪ್ಪ. "ಇನ್ನೊಂದು ಡ್ರಮ್ ಏನಾಯ್ತು?"

"ಖರ್ಚಾಯ್ತು," ಎಂದರು ಚಿಕ್ಕವೆಂಕಟಮ್ಮ ಜಗುಲಿಯಿಂದ.

"ಇನ್ನೂರು ಲೀಟರ್ರಾ?"

"ಹೆಣ ಎದ್ದ ಮನೆ ತೊಳೆಯೋಕೆ ಎಷ್ಟು ನೀರು ಬೇಕು ಅಂತ ನಿನಗೇನು ಗೊತ್ತಪ್ಪಾ? ಒಂದು ದಿನವಾದ್ರೂ ಪೊರಕೆ ಹಿಡಿದಿದೀಯಾ? ಸುಮ್ನೆ ಕಾಲು ತೊಳ್ಕೊಂಡು ದೀಪ ನೋಡು ಹೋಗು."

ಆವುಲಪ್ಪ ಕಾಲು ತೊಳೆದುಕೊಂಡ. ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತು ದೀಪ ನೋಡಿ, ಹೋಗಿಬರುತ್ತೇವೆ ಎನ್ನದೆ ಹೊರಟುಹೋದರು. ಮಣ್ಣು ಮೆತ್ತಿದ ಕೈಯಲ್ಲೇ ಭಾನುಪ್ರಕಾಶ್ ಬಂದು ತಾಯಿಯ ಪಕ್ಕ ಕೂತ. ಎಂಟು ಗಂಟೆಗೆ ನೆಂಟರ ಮನೆಯಿಂದ ಬಂದ ಊಟವನ್ನು ಅವನು ನಾಲ್ಕು ತುತ್ತು ತಿಂದು, ಕೂತಲ್ಲೇ ನಿದ್ದೆ ಹೋದ. ಸಂಘಮಿತ್ರರ ಮೆಸೇಜ್ ಆಗಲೇ ಬಂದಿತ್ತು: ಅಮ್ಮ, ಏನಾಯ್ತು?

ಏನೆಂದು ಬರೆಯುವುದು? ಕೇಳಿದೆ, ಚೆಲ್ಲಿಬಿಟ್ಟರು ಎಂದೇ? ವೆಂಕಟರತ್ನಮ್ಮ ಎರಡು ಸಲ ಫೋನು ತೆಗೆದು ಎರಡು ಸಲವೂ ಕೆಳಗಿಟ್ಟರು. ಬರೆಯುವ ಮುಂಚೆ ಒಮ್ಮೆ ನೋಡಬೇಕು. ಮನೆ ಮಲಗಿದ ಮೇಲೆ ಟಾರ್ಚು ತೆಗೆದುಕೊಂಡು ಹಿತ್ತಲ ಬಾಗಿಲು ತೆರೆದರು. ಬರಿದಾದ ತೊಟ್ಟಿ ನೋಡಲು ಮನಸ್ಸು ಗಟ್ಟಿ ಮಾಡಿಕೊಂಡೇ ಹೋದರು.

ಬ್ಲೀಚಿಂಗ್ ವಾಸನೆ ಇರಲಿಲ್ಲ. ಹಿತ್ತಲ ಕಲ್ಲು ಇನ್ನೂ ಒದ್ದೆಯಾಗಿತ್ತು. ಖಾಲಿ ನೀಲಿ ಡ್ರಮ್ಮು ಅಡ್ಡ ಬಿದ್ದಿತ್ತು, ಬಾಯಿ ಮೋರಿಯ ಕಡೆಗೆ. ಚೀಲದ ದಾರ ಬಿಚ್ಚಿರಲಿಲ್ಲ.

ಕ್ಯಾಮೆರಾ ಸ್ಟ್ಯಾಂಡಿನ ಮೇಲಿರಲಿಲ್ಲ. ಯಾರೋ ಅದನ್ನು ಬಿಚ್ಚಿ, ಒರೆಸಿ, ಮಾಡಿನ ಕೆಳಗಿನ ಗೋಡೆಯ ಗೂಡಿನಲ್ಲಿಟ್ಟಿದ್ದರು. ಅದಕ್ಕೆ ಹೊದಿಸಿದ್ದ ಕಪ್ಪು ಬಟ್ಟೆ ತೊಟ್ಟಿಯ ಮೇಲಿತ್ತು. ನೊರೆಗೆ ತಾಗದಂತೆ ಬಿಗಿಯಾಗಿ ಎಳೆದು, ನಾಲ್ಕು ಮೂಲೆಗೂ ಒಂದೊಂದು ಕಲ್ಲು. ಗಾಳಿಯಾಡಲು ಒಂದು ಕಡೆ ಎರಡು ಬೆರಳಷ್ಟು ಸಂದಿ. ಮೊಟ್ಟೆಯ ಹಾಳೆಗೆ ಮುಚ್ಚುವುದು ಹೀಗೆಯೇ.

ವೆಂಕಟರತ್ನಮ್ಮ ಬಹಳ ಹೊತ್ತು ಆ ನಾಲ್ಕು ಕಲ್ಲುಗಳನ್ನು ನೋಡಿದರು. ದೀಪದ ಮುಂದೆ ನಿಂತು, ಅಷ್ಟು ಜನರ ಎದುರಿಗೆ, ಚೆಲ್ದೆ ಎಂದ ದನಿ ನೆನಪಾಯಿತು.

ಒಂದು ಕಲ್ಲು ಸರಿಸಿ ಬಟ್ಟೆಯ ಮೂಲೆ ಎತ್ತಿದರು. ತೊಟ್ಟಿ ತುಂಬ ನೀರಿತ್ತು. ಕೆಂಪು ಬೆಳಕಿನಲ್ಲಿ ನೊರೆ ಕೆಳಗೆ ಜೋತು, ತಳ ತೆಳ್ಳಗೆ ಹೊಳೆಯುತ್ತಿತ್ತು. ಅದರೊಳಗಿಂದ ಒಂದು ಚುಕ್ಕೆ ಇಳಿಯಿತು. ಬಾಲದಷ್ಟು ಉದ್ದವಾಯಿತು. ಸ್ವಲ್ಪ ಹೊತ್ತು ಅಲ್ಲೇ ತೂಗಿತು.

ಟಪ್.

ಅವರು ಉಸಿರು ಬಿಟ್ಟರು. ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಕ್ಯಾಮೆರಾ ಹತ್ತು ಹೆಜ್ಜೆಯ ದೂರದಲ್ಲಿತ್ತು, ಅವರು ಹೋಗಲಿಲ್ಲ. ಕೈ ಸೋತಾಗ ಮೊಣಕೈಯನ್ನು ಇನ್ನೊಂದು ಅಂಗೈಯಲ್ಲಿ ಹಿಡಿದುಕೊಂಡು ನಿಂತರು. ನೀರಿನ ಮೇಲೆ ಒಂದೇ ಮುಖ ಕೆಂಪಗೆ ಕಂಡಿತು. ಪ್ರತಿ ಹನಿಗೂ ಅದು ಒಡೆದು ಮತ್ತೆ ಕೂಡುತ್ತಿತ್ತು.

ನೊರೆ ಬರಿದಾದ ಮೇಲೆ ಬಟ್ಟೆಯನ್ನು ಮೊದಲಿದ್ದಂತೆಯೇ ಎಳೆದರು. ಕಲ್ಲನ್ನು ಮೊದಲಿದ್ದ ಕಡೆಗೇ, ಪಾಚಿ ಇದ್ದ ಬದಿ ಕೆಳಗೆ ಮಾಡಿ ಇಟ್ಟರು. ಎರಡು ಬೆರಳಿನ ಸಂದಿ ಬಿಟ್ಟರು.

ಒಳಗೆ ಚಿಕ್ಕವೆಂಕಟಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಒದ್ದೆ ಸೀರೆ ಬದಲಿಸಿರಲಿಲ್ಲ. ವೆಂಕಟರತ್ನಮ್ಮ ಅವರ ಪಾದಕ್ಕೆ ಹೊದಿಕೆ ಎಳೆದು, ದೀಪದ ಮುಂದೆ ಕೂತು, ಫೋನು ತೆಗೆದರು. ಅಮ್ಮ, ಏನಾಯ್ತು? ಬೆರಳು ಅಕ್ಷರದ ಮೇಲೆ ನಿಂತಿತು. ಸಂಘಮಿತ್ರರಿಗೆ ಹೇಳಿದರೆ ಸಂತೋಷಪಟ್ಟು ಇನ್ನೊಬ್ಬರಿಗೆ ಹೇಳುತ್ತಾರೆ. ಮಗನಿಗೆ ಹೇಳಿದರೆ ಫ್ಲೆಕ್ಸಿನ ಕಪ್ಪೆಯ ವಿಷಯವೂ ಒಂದಲ್ಲ ಒಂದು ದಿನ ಹೇಳಬೇಕಾದೀತು. ಅತ್ತಿಗೆಗೆ, ನೋಡಿದೆ ಎಂದರೂ ಸಾಕು, ಅವರು ದೀಪದ ಮುಂದೆ ಸುಳ್ಳು ಹೇಳಿದವರಾಗುತ್ತಾರೆ.

ಫೋನನ್ನು ಮಗುಚಿಟ್ಟರು.

ಹಿತ್ತಲಲ್ಲಿ ಗಂಡು ಕಪ್ಪೆ ಕೂಗಿತು. ಟಕ್. ಟಕ್ ಟಕ್ ಟಕ್.

ಹೊದಿಕೆಯ ಕೆಳಗಿನಿಂದ ಒಂದು ಕೈ ಹೊರಗೆ ಬಂದು ಮೂರು ಸಲ ನೆಲ ತಟ್ಟಿತು.

"ಹಲ್ಲಿ," ಎಂದರು ಚಿಕ್ಕವೆಂಕಟಮ್ಮ, ಗೋಡೆಯ ಕಡೆಗೇ ಮುಖವಿಟ್ಟು.

"ಹೂಂ ಅತ್ತಿಗೆ," ಎಂದರು ವೆಂಕಟರತ್ನಮ್ಮ. "ಹಲ್ಲಿ."